ಹೊತ್ತು ಮುಳುಗುವ ಮುಂಚಿನ ಗುಳಿಗೆ

ಮೂಡಲಗಿಯ ಜಿನ್ನವ್ವನ ಮನೆಗೆ ಬಂದ ನೆಂಟರು ಎಷ್ಟೇ ದೊಡ್ಡವರಿರಲಿ, ಹೊತ್ತು ಮುಳುಗುವುದರೊಳಗೆ ಊಟ ಮುಗಿಸಬೇಕಿತ್ತು. ದೀಪ ಹಚ್ಚಿದ ಮೇಲೆ ಆ ಮನೆಯಲ್ಲಿ ಒಲೆ ಉರಿಯುತ್ತಿರಲಿಲ್ಲ. ಜಿನ್ನವ್ವನಂತೂ ಒಂದು ಹನಿ ನೀರನ್ನೂ ಬಾಯಿಗೆ ಹಾಕುತ್ತಿರಲಿಲ್ಲ. ಮದುವೆಗೆ ಮುಂಚೆ, ತವರೂರು ಕುಲಗೋಡದ ಬಸದಿಯಲ್ಲಿ ಮುನಿಗಳ ಮುಂದೆ ಕೈಮುಗಿದು ಹಿಡಿದ ನೇಮ ಅದು. ಬಾಣಂತನದಲ್ಲೂ ಚಳಿಜ್ವರದಲ್ಲೂ ಅದನ್ನು ಬಿಟ್ಟವಳಲ್ಲ.

2001ರ ಬೇಸಿಗೆಯಲ್ಲಿ ಒಂದು ಮುಂಜಾನೆ, ಅಂಗಳದಲ್ಲಿ ಅರಿಷಿಣ ಹರವುತ್ತಿದ್ದವಳಿಗೆ ಎದೆ ಬಿಗಿದು ಬಂತು. ಎಡಗೈ ಜೋಮು ಹಿಡಿಯಿತು, ಸೀರೆ ಬೆವರಿನಿಂದ ತೊಯ್ದುಹೋಯಿತು. ಸೊಸೆ ತ್ರಿಶಲಾ ಕೂಗಿಕೊಂಡಳು. ಜಿನ್ನವ್ವನ ಗಂಡ ಧನಪಾಲ ಬೀಜದ ಅಂಗಡಿಯನ್ನು ಹಾಗೇ ಬಿಟ್ಟು ಓಡಿಬಂದು, ಜೀಪು ಮಾಡಿಕೊಂಡು ಹೆಂಡತಿಯನ್ನು ಗೋಕಾಕಕ್ಕೆ ಕರೆದೊಯ್ದ. ಅಲ್ಲಿಂದ ಬೆಳಗಾವಿಯ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಹೃದಯಕ್ಕೆ ರಕ್ತ ಒಯ್ಯುವ ನಾಳದಲ್ಲಿ ಕೊಬ್ಬು ಕಟ್ಟಿದೆ ಎಂದರು. ಸಲೈನ್ ಹಚ್ಚಿಕೊಂಡು ಮಲಗಿದ ಆ ರಾತ್ರಿಗಳಲ್ಲಿ ಯಾರು ಏನು ಕೊಟ್ಟರೋ ಅವಳಿಗೆ ತಿಳಿಯಲಿಲ್ಲ.

ಮನೆಗೆ ಕಳಿಸುವಾಗ ನರ್ಸ್ ಗುಳಿಗೆಗಳನ್ನು ಒಂದೊಂದಾಗಿ ತೋರಿಸಿದಳು. "ಇವು ಮುಂಜಾನೆ ತೊಗೋರಿ. ಇದು ಕೊಬ್ಬು ಇಳಸೂ ಗುಳಿಗಿ, ರಾತ್ರಿ ಮಲಗೂ ಮುಂದ ತೊಗೋಬೇಕು. ಬಿಡಬ್ಯಾಡ್ರಿ."

ಜಿನ್ನವ್ವ ತಲೆಯಾಡಿಸಿದಳು.

ಮನೆಗೆ ಬಂದ ದಿನ ರಾತ್ರಿ ತ್ರಿಶಲಾ ಗುಳಿಗೆಯನ್ನೂ ನೀರಿನ ತಂಬಿಗೆಯನ್ನೂ ತಂದು ಮುಂದಿಟ್ಟಳು. "ಅಲ್ಲೇ ಇಡವಾ, ತೊಗೋತೀನಿ" ಎಂದ ಜಿನ್ನವ್ವ ತೆಗೆದುಕೊಳ್ಳಲಿಲ್ಲ. ಬೆಳಗ್ಗೆ ನುಂಗೋಣವೇ ಎಂದು ಯೋಚಿಸಿದಳು. ರಾತ್ರಿಯದನ್ನು ಹಗಲು ನುಂಗಿ ಮತ್ತೇನಾದರೂ ಆದರೆ ಎಂದು ಹೆದರಿ ಡಬ್ಬಿಗೆ ಹಾಕಿದಳು. ದಿನ ಕಳೆದಂತೆ ಅದೇ ರೂಢಿಯಾಯಿತು. ಎದೆನೋವು ಮರಳಲಿಲ್ಲ. ರೊಟ್ಟಿ ಬಡಿಯುತ್ತಿದ್ದಳು, ಬಸದಿಗೆ ನಡೆದೇ ಹೋಗಿಬರುತ್ತಿದ್ದಳು. ಆ ಗುಳಿಗೆ ಇಲ್ಲದ್ದು ಮೈಗೆ ಗೊತ್ತೇ ಆಗಲಿಲ್ಲ.

ಗೊತ್ತಾದದ್ದು ಧನಪಾಲನಿಗೆ. ಔಷಧಿ ತರಲು ಗೋಕಾಕಕ್ಕೆ ಹೊರಟಾಗಲೆಲ್ಲ ಅವಳು, "ರಾತ್ರಿ ಗುಳಿಗಿ ತರಬ್ಯಾಡ್ರಿ, ಇನ್ನೂ ಅದಾವ" ಎನ್ನುತ್ತಿದ್ದಳು. ಒಂದು ಸಲ ಅವನು ಹೊಸ್ತಿಲು ದಾಟಿದವನು ತಿರುಗಿ ಬಂದು ಅವಳ ಮುಂದೆ ಕುಳಿತ.

"ಉಳಿದಾವೆಲ್ಲಾ ಮುಗೀತಾವ, ಅದೊಂದು ಹೆಂಗ ಉಳೀತೈತಿ?"

ಅಕ್ಕಿ ಆರಿಸುತ್ತಿದ್ದ ಜಿನ್ನವ್ವ ಮೊರದಿಂದ ಕಣ್ಣೆತ್ತಲಿಲ್ಲ. "ಹೊತ್ತು ಮುಳುಗಿದ ಮ್ಯಾಲ ನಾ ನೀರು ಕುಡ್ಯಾಂಗಿಲ್ಲ ಅನ್ನೂದು ನಿಮಗ ಗೊತ್ತಿಲ್ಲೇನ್ರಿ?"

ಮದುವೆಯಾದಾಗಿನಿಂದ ಅವಳ ಪಕ್ಕದಲ್ಲೇ ಕುಳಿತು, ಬೆಳಕಿರುವಾಗಲೇ ಉಂಡು ಎದ್ದವನು ಧನಪಾಲ. ಆದರೂ ಆ ಒಂದು ಗುಟುಕು ನೀರಿನ ಯೋಚನೆ ಅವನಿಗೆ ಹೊಳೆದಿರಲಿಲ್ಲ. ಸಿಟ್ಟು ಬರಲಿಲ್ಲ, ಹೆದರಿಕೆಯಾಯಿತು.

"ಡಾಕ್ಟರಿಗೆ ಒಂದ ಮಾತು ಹೇಳಬೇಕಿತ್ತಲ್ಲ."

"ನೇಮ ಬಿಡ್ರಿ ಅಂದ್ರ ಏನ್ ಮಾಡ್ಲಿ? ಅದಕ್ಕ ಹೇಳ್ಲಿಲ್ಲ."

ಮರುದಿನ ಇಬ್ಬರೂ ಗೋಕಾಕದ ಬಸ್ಸು ಹತ್ತಿದರು. ಡಾಕ್ಟರ್ ಸೋಮಲಿಂಗ ರಕ್ತ ತಪಾಸಣೆ ಮಾಡಿಸಿದರು. ಕೊಬ್ಬು ಇಳಿದೇ ಇರಲಿಲ್ಲ. ಅವರು ಕೇಳುವ ಮೊದಲೇ ಜಿನ್ನವ್ವ ಎಲ್ಲ ಹೇಳಿಬಿಟ್ಟಳು. ಬೈಗುಳಕ್ಕೆ ಕಾದು ಸೆರಗನ್ನು ಬಿಗಿಯಾಗಿ ಹಿಡಿದು ಕುಳಿತಳು.

"ಅವ್ವಾರ, ಸಂಜಿ ಊಟ ಯಾವಾಗ ಮಾಡ್ತೀರಿ?" ಎಂದು ಡಾಕ್ಟರ್ ಕೇಳಿದರು.

"ಹೊತ್ತು ಇರೂದ್ರಾಗ ಮಾಡ್ತೀವ್ರಿ."

"ಹಂಗಾರ ಆ ಊಟದ ಜೋಡೀನ ತೊಗೋರಿ. ಬ್ಯಾರೆ ಗುಳಿಗಿ ಬರದ ಕೊಡ್ತೀನಿ, ಅದಕ್ಕ ರಾತ್ರೀನ ಆಗಬೇಕಂತಿಲ್ಲ. ಆದ್ರ ಆರಾಮ ಅದೇನಿ ಅಂತ ಬಿಡಬ್ಯಾಡ್ರಿ. ನೋವು ಇದ್ದಾಗ ತೊಗೊಳ್ಳೂ ಗುಳಿಗಿ ಅಲ್ಲ ಇದು. ಮುಂದ ನೋವು ಬರಬಾರದು ಅಂತ ತೊಗೊಳ್ಳೂದು."

"ಎಲ್ಲೀತನಕ ತೊಗೋಬೇಕ್ರಿ?"

"ಇರೂತನಕ."

ಜಿನ್ನವ್ವ ಹಿಡಿದಿದ್ದ ಸೆರಗು ಬಿಟ್ಟು, "ಹಂಗಾರ ಇದೂ ಒಂದು ನೇಮ ಅನ್ರಿ" ಎಂದಳು. ಡಾಕ್ಟರ್ ನಕ್ಕರು. ಧನಪಾಲನೂ ನಕ್ಕ, ಬಹಳ ದಿನಗಳ ಮೇಲೆ.

ಅಂದಿನಿಂದ ಸಂಜೆಯ ತಾಟಿನ ಅಂಚಿನಲ್ಲಿ ಒಂದು ಗುಳಿಗೆ ಇರುತ್ತಿತ್ತು. ಮುಂದಿನ ತಪಾಸಣೆಯಲ್ಲಿ ಕೊಬ್ಬು ಇಳಿದಿತ್ತು. ಕಷ್ಟವಾದದ್ದು ಭಾದ್ರಪದದಲ್ಲಿ. ಅನಂತ ಚತುರ್ದಶಿಗೆ ನೀರೂ ಮುಟ್ಟದೆ ಉಪವಾಸ ಮಾಡುವುದು ಅವಳ ಬಹಳ ವರ್ಷಗಳ ವಾಡಿಕೆ. ನಿಮ್ಮ ಎದೆಗೆ ಅದು ಬೇಡ ಎಂದು ಡಾಕ್ಟರ್ ಹೇಳಿದ್ದರು. ಆ ವರ್ಷ ಜಿನ್ನವ್ವ ಒಪ್ಪತ್ತು ಮಾಡಿದಳು. ಹಗಲು ಒಮ್ಮೆ ಉಂಡು, ಗುಳಿಗೆ ನುಂಗಿ, ಬಸದಿಯಲ್ಲಿ ಉಪವಾಸವಿದ್ದ ಹೆಂಗಸರ ಹಿಂದೆ ಹೋಗಿ ಕುಳಿತಳು. ಮನೆಗೆ ಬಂದು ಯಾರಿಗೂ ಕಾಣದಂತೆ ಅತ್ತಳು. ಮರುವರ್ಷ ಅಳು ಬರಲಿಲ್ಲ. ಕೇಳಿದವರಿಗೆ ತಾನೇ ಬಾಯಿಬಿಟ್ಟು ಕಾರಣ ಹೇಳಿದಳು.

ಕೆಲವು ವರ್ಷಗಳ ಮೇಲೆ, ಹೆದ್ದಾರಿ ಪಕ್ಕದ ಹತ್ತರಗಿಯಲ್ಲಿ ಗ್ಯಾರೇಜು ಇಟ್ಟಿದ್ದ ಅವಳ ತಮ್ಮ ಸಮ್ಮೇದನಿಗೂ ಅದೇ ಬೇನೆ ಬಂತು. ಆಸ್ಪತ್ರೆಯಿಂದ ಬಂದವನು ಕೆಲವೇ ತಿಂಗಳಲ್ಲಿ ಗುಳಿಗೆ ಬಿಟ್ಟ. ಸುದ್ದಿ ಕೇಳಿದ ಜಿನ್ನವ್ವ ಬಟ್ಟೆಯ ಚೀಲ ಹಿಡಿದು ಬಸ್ಸಿಳಿದಳು. ಬೈಯಲಿಲ್ಲ. ಸಂಜೆ ಅವನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಬಡಿಸಿ, ಅವನ ತಾಟಿಗೆ ಅವನ ಗುಳಿಗೆ, ತನ್ನ ತಾಟಿಗೆ ತನ್ನದು ಇಟ್ಟಳು.

"ಅಕ್ಕಾ, ನನಗೀಗ ಏನೂ ಆಗಿಲ್ಲ."

"ನನಗೂ ಏನೂ ಆಗಿಲ್ಲಪಾ. ಆಗಬಾರದು ಅಂತ ತೊಗೋತೀನಿ."

ಸಮ್ಮೇದ ಅಕ್ಕನ ಮುಖ ನೋಡಿದ. ಗುಳಿಗೆ ನುಂಗಿ ನೀರು ಕುಡಿದ.

ಜಿನ್ನವ್ವ ಒಂದು ವಾರ ಅಲ್ಲೇ ಉಳಿದಳು. ಊರಿಗೆ ಮರಳಿದ ಮೇಲೂ ಸಂಜೆ ಊಟಕ್ಕೆ ಮುಂಚೆ ತಮ್ಮನಿಗೆ ಫೋನು ಮಾಡುವಳು. ಅವನು ಒಮ್ಮೊಮ್ಮೆ ಮರೆಯುತ್ತಿದ್ದ, ಆದರೆ ಮತ್ತೆ ಬಿಡಲಿಲ್ಲ.