ಹೊಗೆ ಹಾಕದ ದಿನದ ಹೊಗೆ

ನಜ್ಮಾ ಬಾಳೆಹಣ್ಣನ್ನು ಒತ್ತಿ ನೋಡುವುದಿಲ್ಲ. ಮೂಸಿ ನೋಡುತ್ತಾಳೆ. ಕಲಬುರಗಿಯ ಮೋಮಿನಪುರದವಳು. ಗಂಡನ ಕಣ್ಣು ಮಂಜಾದ ಮೇಲೆ ತಳ್ಳುಗಾಡಿ ತಾನೇ ಹಿಡಿದಳು. ಸಂತೆಯ ದಿನ ಕಮಲಾಪುರಕ್ಕೆ ಬಸ್ಸಿನಲ್ಲಿ ಬಂದು, ನಮ್ಮ ಕೆಂಪು ಬಾಳೆ ಒಯ್ದು ಅಲ್ಲಿನ ಸೂಪರ್ ಮಾರ್ಕೆಟ್ ಬಜಾರಿನಲ್ಲಿ ಮಾರುತ್ತಾಳೆ. ನನ್ನ ಅತ್ತೆ ಶೇವಂತಾ ಹಾಸಿಗೆ ಹಿಡಿದವಳು. ಆದರೂ ನಜ್ಮಾ ಬಂದರೆ ಬಾಯಿ ಸುಮ್ಮನಿರುವುದಿಲ್ಲ.

“ಏ ನಜ್ಮಾ, ಮೂಸಿ ಮೂಸಿ ಹಣ್ಣಿನ ವಾಸನಿ ಎಲ್ಲಾ ನೀನೇ ಒಯ್ಯಾಕತ್ತೀಯಲ್ಲ!”

“ನಿಮ್ಮ ಹಣ್ಣು ನಿಮ್ಮಂಗೇ ಅದ ಅವ್ವಾ. ಮ್ಯಾಲ ಕೆಂಪು, ಒಳಗ ಮೆತ್ತಗ.”

ನನ್ನ ಗಂಡ ದತ್ತಪ್ಪ ಕರೆಂಟಿನ ಕಾರು ಓಡಿಸುತ್ತಿದ್ದರು. ಊರಿನ ಬಸುರಿಯರನ್ನು, ರೋಗಿಗಳನ್ನು ಕಲಬುರಗಿಯ ದವಾಖಾನೆಗೆ ಮುಟ್ಟಿಸುತ್ತಿದ್ದರು. ಒಂದು ಸಲ ಕಾರಿನ ಹೊಟ್ಟೆ ಕಲ್ಲಿಗೆ ಬಡಿದು ಬ್ಯಾಟರಿ ನೆಗ್ಗಿತು. ಗ್ಯಾರೇಜಿನ ಮೇಸ್ತ್ರಿ ಅದನ್ನು ಬಿಚ್ಚಿ, “ಸತ್ತದ ಇದು” ಅಂದ. ರಿಪೇರಿ ಮಾಡಿಸುತ್ತೇನೆ ಎನ್ನುತ್ತಲೇ ಇದ್ದರು ಅವರು. ಈ ಬೇಸಿಗೆಯಲ್ಲಿ ಎದೆ ಹಿಡಿದು ಕೂತವರು ಏಳಲಿಲ್ಲ. ಎಲ್ಲರನ್ನೂ ದವಾಖಾನೆಗೆ ಮುಟ್ಟಿಸಿದವರು ತಾವು ಮುಟ್ಟಲಿಲ್ಲ.

ಅವರ ಬ್ಯಾಟರಿ ಮಾರಲು ನನಗೆ ಮನಸ್ಸು ಬರಲಿಲ್ಲ. ಬೀಗ ಇರುವ ಕೋಣೆ ಒಂದೇ, ಬಾಳೆ ಹಣ್ಣು ಮಾಡುವ ಕೋಣೆ. ಹುಲ್ಲು ಹಾಸಿ, ಗೊನೆ ಇಟ್ಟು, ಹೊಗೆ ಹಾಕಿ ಬಾಗಿಲು ಮುಚ್ಚುತ್ತೇವೆ. ಬ್ಯಾಟರಿಯನ್ನೂ ಅಲ್ಲೇ ಇಡಿಸಿದೆ. ಸತ್ತದ್ದಕ್ಕೆ ಸೆಕೆ ಏನು ಮಾಡುತ್ತದೆ ಅಂದುಕೊಂಡೆ. ಆ ಗೋಡೆಗೆ ಹೊಂದಿಕೊಂಡೇ ಅತ್ತೆಯ ಕೋಣೆ.

ಒಂದು ಸಂತೆಯ ದಿನ ಆ ಬಾಗಿಲ ಸಂದಿಯಿಂದ ಹೊಗೆ ಬಂತು. ನಾನು ಹಿತ್ತಲಲ್ಲಿ ಗೊನೆ ಕಡಿಯುತ್ತಿದ್ದೆ. ಓಣಿಯವರು ಹೊಗೆ ನೋಡಿದರು, ಯಾರೂ ಕೂಗಲಿಲ್ಲ. ನಮ್ಮ ಮನೆಯಲ್ಲಿ ಹೊಗೆ ಹೊಸದಲ್ಲ.

ನಜ್ಮಾ ಅಂಗಳಕ್ಕೆ ಬಂದವಳು ನಿಂತಲ್ಲೇ ನಿಂತು ನನ್ನನ್ನು ಕೂಗಿದಳು.

“ಭಾಗಕ್ಕಾ, ಇವತ್ತ ಹೊಗಿ ಹಾಕೀರೇನು?”

“ಇಲ್ಲಲ್ಲ. ನಾಳಿ ಹಾಕಬೇಕು.”

“ಇದು ಹುಲ್ಲಿನ ಹೊಗಿ ಅಲ್ಲ. ಉಗುರಬಣ್ಣದ ವಾಸನಿ ಬರಾಕತ್ತದ. ನಮ್ಮ ಓಣ್ಯಾಗ ಗುಜರಿಯವ ಕರೆಂಟ್ ಗಾಡಿ ಬ್ಯಾಟರಿ ಒಡದಾಗ ಹಿಂಗೇ ಬಂದಿತ್ತು. ಅವ್ವ ಎಲ್ಲಿ?”

ನಾನು ನೀರಿನ ಕೊಡ ಎತ್ತಿಕೊಂಡು ಬೀಗ ತೆಗೆಯಲು ಓಡಿದೆ. ಅವಳು ರಟ್ಟೆ ಹಿಡಿದು ಎಳೆದಳು.

“ಬಾಗಲಾ ತೆಗೀಬ್ಯಾಡ್ರಿ! ಆ ಹೊಗಿ ಒಳಗ ಹೋದ್ರ ಅಲ್ಲೇ ಬೀಳ್ತೀರಿ. ಮೊದಲ ಅವ್ವ!”

ಅತ್ತೆಯನ್ನು ಮಂಚದ ಸಮೇತ ಎತ್ತಿದೆವು.

“ನನ್ನ ಈಗೇ ಹೊರಾಕತ್ತೀರೇನು? ಇನ್ನಾ ಜೀವ ಅದ!” ಎಂದು ಅತ್ತೆ ಒದರಿದಳು.

“ಜೀವ ಅದ ಅಂತೇ ಹೊರಾಕತ್ತೀವಿ, ಸುಮ್ಕಿರ್ರಿ” ಅಂದಳು ನಜ್ಮಾ.

ಅಂಗಳದಾಚೆಯ ಬೇವಿನ ಮರ ಮುಟ್ಟಿದ್ದೆವು. ಒಳಗೆ ಢಬ್ ಎಂದಿತು. ತಗಡು ಹಾರಿತು. ಮಂಚ ಇದ್ದ ಜಾಗದ ಮೇಲೆ ಗೋಡೆ ಬಿತ್ತು.

ಅಗ್ನಿಶಾಮಕದವರು ಬಂದು ಬಹಳ ಹೊತ್ತು ನೀರು ಹೊಡೆದರು. “ಸತ್ತದ ಅಂದ್ರೂ ಒಳಗ ಕರೆಂಟ್ ಉಳಿದಿರ್ತದ, ಸೆಕಿಗೆ ಹೊತ್ಕೊಂಡದ. ಆರಿದಂಗ ಕಾಣ್ತದ, ಆರಿರಂಗಿಲ್ಲ” ಎಂದು ಬ್ಯಾಟರಿಯನ್ನು ಬಯಲಿಗೆ ಎಳೆಸಿದರು. ಯಾರೂ ಹತ್ತಿರ ಹೋಗಬೇಡಿ ಅಂದರು. ಮರುದಿನ ಮತ್ತೆ ಹೊತ್ತಿತು. ಬಯಲಲ್ಲಿ ಇತ್ತು. ಯಾರಿಗೂ ಏನೂ ಆಗಲಿಲ್ಲ.

ಗುಜರಿಯವನೊಬ್ಬ ಕೇಳಿಕೊಂಡು ಬಂದ. ಪೀಡೆ ಹೋಗಲಿ ಎಂದು ಕೊಟ್ಟುಬಿಡುತ್ತಿದ್ದೆ. ನಜ್ಮಾ ತಡೆದಳು.

“ಬ್ಯಾಡ್ರಿ ಅಕ್ಕಾ. ಅವನ ಮನ್ಯಾಗೂ ಒಬ್ಬಾಕಿ ಅವ್ವ ಇರ್ತಾಳ.”

ಕಾರಿನ ಕಂಪನಿಗೆ ಫೋನ್ ಮಾಡಿಸಿದೆ. ಅವರ ಮಂದಿ ಬಂದು, ಕಬ್ಬಿಣದ ಪೆಟ್ಟಿಗೆಯಲ್ಲಿ ಉಸುಕು ತುಂಬಿ, ಅದರೊಳಗೆ ಇಟ್ಟು ಒಯ್ದರು. ಹಳೇ ಬ್ಯಾಟರಿ ಬಿಚ್ಚಿ ಲೋಹ ತೆಗೆಯುವ ಕಾರ್ಖಾನೆ ಬೇರೆಯೇ ಇದೆಯಂತೆ. ಗಾಡಿ ಹೊರಟಾಗ ನನಗೆ ಅಳು ಬಂತು. ಗಂಡ ಹೋದ ದಿನ ಬರದ ಅಳು. ನಜ್ಮಾ ನನ್ನ ಪಕ್ಕಕ್ಕೆ ಬಂದಳು. ಬಸ್ಸು ತಪ್ಪಿದರೂ ಕೂತಳು.

ಕೋಣೆ ಮತ್ತೆ ಕಟ್ಟಿದೆವು, ಅತ್ತೆಯ ಗೋಡೆಯಿಂದ ದೂರ. ಈಗ ಹೊಗೆ ಹಾಕಿದ ದಿನ ಬಾಗಿಲಿಗೆ ಬಾಳೆಎಲೆ ಕಟ್ಟುತ್ತೇನೆ. ಎಲೆ ಇಲ್ಲದೆ ಹೊಗೆ ಕಂಡರೆ ಕೂಗಿರಿ ಎಂದು ಓಣಿಗೆಲ್ಲ ಹೇಳಿದ್ದೇನೆ.

ನಜ್ಮಾಳ ಋಣ ನನ್ನಿಂದ ತೀರುವುದಿಲ್ಲ. ಅತ್ತೆ ಇದ್ದಾಳೆ. ಸಂತೆಯ ದಿನ ಬೆಳಗಿನಿಂದ ಕೇಳುತ್ತಲೇ ಇರುತ್ತಾಳೆ.

“ಬಸ್ಸು ಬಂತೇನ? ಆ ಮೂಗಿನಾಕಿ ಬಂದಳೇನ?”