ಯಾರೂ ಸಾಯದ ವಾರ

ಚಾಚಕ್ ಊರಿನ ಟೆಲಿಫೋನ್ ಎಕ್ಸ್‌ಚೇಂಜಿನಿಂದ ನಿವೃತ್ತರಾದ ಹೆಂಗಸರಲ್ಲಿ ಒಂದು ಕಟ್ಟುಪಾಡು: ತಮ್ಮಲ್ಲಿ ಯಾರು ಸತ್ತರೂ ಉಳಿದವರೆಲ್ಲ ಮಣ್ಣಿಗೆ ಹೋಗಲೇಬೇಕು. ಹಾಗಾಗಿ ಊರ ಪತ್ರಿಕೆಯ ಜಾಲತಾಣದಲ್ಲಿ ಮರಣವಾರ್ತೆ ಓದದೆ ಅವರಿಗೆ ಬೆಳಗಿನ ಕಾಫಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಆದರೆ ಸತ್ತವರ ಮುಖದ ಮೇಲೇ ಮಂಡಿನೋವಿನ ಮುಲಾಮಿನ ಜಾಹೀರಾತು ಕುಣಿಯುತ್ತಿತ್ತು. ಏನು ಮರ್ಯಾದೆಯೋ!

ಗುಂಪಿನ ಯಜಮಾನಿ ದೊಬ್ರಿಲಾ ಸುಮ್ಮನಿರುವ ಪೈಕಿಯಲ್ಲ. ಜಾಹೀರಾತು ತಡೆಯುವ ಎಕ್ಸ್‌ಟೆನ್ಶನ್ ಒಂದನ್ನು ತನ್ನ ವಿಂಡೋಸ್ ಕಂಪ್ಯೂಟರಿಗೆ ಹಾಕಿಕೊಂಡವಳೇ ಗೆಳತಿಯರ ಮನೆಮನೆಗೂ ಹೊರಟಳು.

ಮಿಲುಂಕಾಳದು ಅಳಿಯ ಕೊಡಿಸಿದ ಮ್ಯಾಕ್. “ಮುಟ್ಬೇಡ ಕಣೇ, ಇದು ಬೇರೆ ಜಾತೀದು. ಮುಚ್ಚೋ ಗುಂಡೀನೇ ಎಡಗಡೆ ಇದೆ!”

“ಮನೆ ಯಾವ ದಿಕ್ಕಿಗಿದ್ರೇನೇ, ಒಲೆ ಒಂದೇ. ಬ್ರೌಸರ್ ತೆಗಿ, ಹೆಸರು ಹುಡುಕು, ‘ಸೇರಿಸು’ ಅಂತ ಒತ್ತು. ಮುಗೀತು, ಕಾಫಿ ಇಡು.”

ವಿದೊಸಾವಾಳ ಹಳೆಯ ಯಂತ್ರದಲ್ಲಿದ್ದದ್ದು ಪೆಂಗ್ವಿನ್ ಗುರುತಿನ ಲಿನಕ್ಸ್. “ಅದ್ರೊಳಗೆ ಪೆಂಗ್ವಿನ್ ಇದೆ, ಕಚ್ಚತ್ತೆ ಹುಷಾರು,” ಎಂದು ಅವಳ ಗಂಡ ರಾದಿಸಾವ್ ರೇಗಿಸಿದ. ಅಲ್ಲೂ ಕೆಲಸ ಚಿಟಿಕೆ ಹೊಡೆಯುವಷ್ಟರಲ್ಲಿ ಆಯಿತು. ಎದೆನೋವೆಂದು ಮಲಗಿದ್ದ ವಿದೊಸಾವಾ ಒಳಗಿನಿಂದಲೇ ಕೂಗಿದಳು: “ನನ್ನ ಮಣ್ಣಿಗೆ ಚೆನ್ನಾಗಿರೋದು ಉಟ್ಕೊಂಡ್ ಬಾರೇ!”

ಪುಟ ತೊಳೆದಿಟ್ಟಂತಾಯಿತು. ಅಲ್ಲಿಂದಾಚೆಗೆ ಊರಲ್ಲಿ ಯಾರೂ ಸಾಯಲಿಲ್ಲ. ಈ ಸಲ ಹವಾ ಚೆನ್ನಾಗಿದೆ ಎಂದು ಹೆಂಗಸರೆಲ್ಲ ಹಿಗ್ಗಿದರು.

ವಾರ ಕಳೆದು, ಮಾರುಕಟ್ಟೆಯ ದಾರಿಯ ದೀಪದ ಕಂಬಕ್ಕೆ ಅಂಟಿಸಿದ್ದ ಸಾವಿನ ಸುದ್ದಿಯ ಕಾಗದವೊಂದು ದೊಬ್ರಿಲಾಗೆ ಕಂಡಿತು. ಅದರಲ್ಲಿ ವಿದೊಸಾವಾಳ ಮುಖ. ಮಣ್ಣು ಮೊನ್ನೆಯೇ ಆಗಿಹೋಗಿತ್ತು. ಆಗ ದೊಬ್ರಿಲಾಗೆ ಹೊಳೆಯಿತು: ಮರಣವಾರ್ತೆಯನ್ನೂ ದುಡ್ಡು ಕೊಟ್ಟೇ ಹಾಕಿಸುವುದು; ಯಂತ್ರಕ್ಕೆ ಅದೂ ಒಂದು ಜಾಹೀರಾತು. ಮುಲಾಮಿನ ಜೊತೆಗೆ ಸತ್ತವರನ್ನೂ ಅವಳು ಗುಡಿಸಿ ಹಾಕಿದ್ದಳು.

ಬಾಗಿಲು ತೆಗೆದ ರಾದಿಸಾವ್ ಅವಳಿಗೆ ಮಾತಾಡಲು ಬಿಡಲಿಲ್ಲ. “ಪತ್ರಿಕೆಯವ್ರು ಮೋಸ ಮಾಡಿದ್ರು ಕಣಮ್ಮ. ದುಡ್ಡು ಇಸ್ಕೊಂಡು ಅವಳ ಫೋಟೋನೇ ಹಾಕ್ಲಿಲ್ಲ. ದಿನಾ ನೋಡ್ತಿದೀನಿ. ಇಲ್ದಿದ್ರೆ ನೀವೆಲ್ಲ ಬರ್ದೆ ಇರ್ತಿದ್ರಾ? ಪಾದ್ರಿ ಪಕ್ಕ ನಾನೊಬ್ನೇ ನಿಂತಿದ್ದೆ.”

“ಅವ್ರ ತಪ್ಪಲ್ಲ ರಾದಿಸಾವ್. ನಂದು,” ಎಂದಳು ದೊಬ್ರಿಲಾ. ಕಂಪ್ಯೂಟರಿನ ಮುಂದೆ ಕೂತು ಎಕ್ಸ್‌ಟೆನ್ಶನ್ ತೆಗೆದುಹಾಕಿ ಪುಟವನ್ನು ಮತ್ತೆ ತೆರೆದಳು. ಜಾಹೀರಾತುಗಳೆಲ್ಲ ಧಿಮಿಧಿಮಿ ಬಂದು ತುಂಬಿದವು. ಅವುಗಳ ನಡುವೆ, ಕಪ್ಪು ಅಂಚಿನೊಳಗೆ, ನಗುತ್ತಿದ್ದ ವಿದೊಸಾವಾ.

ರಾದಿಸಾವ್ ಕುರ್ಚಿ ಎಳೆದುಕೊಂಡು ಪರದೆಯ ಹತ್ತಿರ ಕೂತ.

“ಬಂದ್ಯಾ,” ಎಂದ ಹೆಂಡತಿಗೆ. ಆಮೇಲೆ ಕಣ್ಣು ತೆಗೆಯದೆಯೇ ದೊಬ್ರಿಲಾಗೆ ಹೇಳಿದ, “ಉಳಿದೋರ್ನೂ ಕರಿಯಮ್ಮ. ಇಲ್ಲೇ ಇದಾಳೆ.”