ಗಿಣ್ಣಿಲ್ಲದ ಬಳ್ಳಿ

ಆ ಕಾಲ ಎಂದು ಶುರು ಮಾಡುವಷ್ಟು ವಯಸ್ಸು ನನಗಿನ್ನೂ ಆಗಿಲ್ಲ. ಮೀಸೆ ಬಂದು ಐದು ವರ್ಷ, ನೌಕರಿ ಬಂದು ಎರಡು ವರ್ಷ, ಅಷ್ಟೇ. ಆದರೂ ಸವಣೂರಿನ ನಮ್ಮ ಸಾಲೆಯ ಗೋಡೆಯ ಮೇಲೆ ಹಸಿರು ಬಳ್ಳಿಗಳು ಹಬ್ಬಿದ್ದ ದಿನಗಳು ನೆನಪಾದಾಗ, ಹಲ್ಲು ಬಿದ್ದ ಮುದುಕನ ಹಾಗೆ ‘ಆ ಕಾಲ’ ಎಂದೇ ಬಾಯಿಗೆ ಬರುತ್ತದೆ. ಹಲ್ಲು ಬಿದ್ದ ಮುದುಕನ ದನಿಯೂ ನನಗೆ ಬರುತ್ತದೆ. ಅನುಮಾನವಿದ್ದವರು ನಮ್ಮ ಓಣಿಯವರನ್ನು ಕೇಳಬಹುದು.

ನಾನು ಹುಟ್ಟಾ ನಕಲಿ. ಹೆಡ್ ಮಾಸ್ತರರು ಎಲೆ ಹಾಕಿಕೊಂಡು ಕೆಮ್ಮುವುದು, ಪಕ್ಕದ ಮನೆಯ ಕಾಕು ಬಾವಿಗೆ ಕೊಡ ಇಳಿಸುವಾಗ ಗೊಣಗುವುದು, ನಮ್ಮ ಅಪ್ಪ ಸಂಧ್ಯಾವಂದನೆಯ ನಡುವೆ ಮಂತ್ರದ ರಾಗದಲ್ಲೇ ‘ಹಾಲು ಉಕ್ಕಲಿಕ್ಕತ್ತದ ನೋಡ’ ಎಂದು ಒಳಗಿನವರಿಗೆ ಹೇಳುವುದು, ಎಲ್ಲವೂ ನನ್ನ ಗಂಟಲಲ್ಲಿ ಇದ್ದವು. ಐದನೇ ಇಯತ್ತೆಯ ಸುಶೀಲಾ ಅಕ್ಕೋರು ಒಮ್ಮೆ ಕಿವಿ ಹಿಡಿದು ಕೇಳಿದ್ದರು, "ಶ್ರೀಪಾದ, ಇವೆಲ್ಲಾ ಮಂದಿ ದನಿ ಆದ್ವು. ನಿಂದ ಯಾವ್ದೋ? ಒಮ್ಮೆ ಕೇಳಸು." ನಾನು ಅವರದೇ ದನಿಯಲ್ಲಿ "ಒಮ್ಮೆ ಕೇಳಸು" ಎಂದೆ. ಕಿವಿಗೆ ಇನ್ನೊಂದು ಸುತ್ತು ಬಿತ್ತು.

ಡಬ್ಬಿ ಆಟ ಹಚ್ಚಿದವರು ಇದೇ ಅಕ್ಕೋರು. ಮೇಜಿನ ಮೇಲೆ ಮೂರು ಬಿಸ್ಕೀಟಿನ ಡಬ್ಬಿ. ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ, ಹಿಂಬದಿಯಲ್ಲಿ ಒಂದೊಂದು ಮಾತು ಬರೆದು ಚೀಟಿ ಮಾಡುತ್ತಿದ್ದರು. ಮೂಲೆಯಲ್ಲಿ ಹಚ್ಚಿದ ಅರಿಷಿಣ ಬೆರಳಿಗೆ ಮೆತ್ತುತ್ತಿತ್ತು. ಡಬ್ಬಿ ತೆರೆದರೆ ಬಿಸ್ಕೀಟು ಮತ್ತು ಮದುವೆ ಎರಡೂ ಸೇರಿದ ವಾಸನೆ. ಆದರೆ ಮಾತುಗಳನ್ನು ಅಕ್ಕೋರು ಪುಸ್ತಕದಿಂದ ಆರಿಸುತ್ತಿರಲಿಲ್ಲ.

"ಪುಸ್ತಕದಾಗಿನ ಮಾತು ಎಲ್ಲಿ ಓಡಿ ಹೋಗೂದಿಲ್ಲ," ಎನ್ನುತ್ತಿದ್ದರು. "ನಿಮ್ಮ ಮನ್ಯಾಗ ಯಾವ ಮಾತು ಇಲ್ದ ಕೆಲಸ ನಡಿಯೂದಿಲ್ಲೋ, ಅದನ್ನ ತರ್ರಿ."

ಬಡಿಗೇರ ಹುಡುಗ ‘ಉಳಿ’ ತಂದ. ಕುಂಬಾರರ ಹುಡುಗಿ ‘ತಿಗರಿ’ ತಂದಳು. ನಮ್ಮ ಅಪ್ಪ ತಾಲೂಕು ಕಚೇರಿಯ ಗುಮಾಸ್ತರು, ಹಾಗಾಗಿ ನಾನು ಊಟದ ಎಲೆಯ ಮುಂದೆ ಕೇಳಿದ ‘ತಗಾದೆ’, ‘ದಸ್ತೈವಜು’ ತಂದು ಎಲ್ಲರ ಕಡೆ ದೊಡ್ಡ ಮನುಷ್ಯನಂತೆ ನೋಡಿದೆ. ನನ್ನ ಅಕ್ಷರ ದುಂಡಗಿದ್ದುದರಿಂದ ಚೀಟಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು.

ಕಲಿತದ್ದು ಗೋಡೆಯ ಮೇಲೆ ಕಾಣುತ್ತಿತ್ತು. ಸವಣೂರೆಂದರೆ ವೀಳ್ಯದೆಲೆ, ಆದ್ದರಿಂದ ಪ್ರತಿಯೊಬ್ಬರ ಹೆಸರಿನ ಮೇಲೆ ಹಸಿರು ಬಣ್ಣದಲ್ಲಿ ಬರೆದ ಒಂದು ಎಲೆಬಳ್ಳಿ. ಮೊದಲ ಡಬ್ಬಿಯ ಚೀಟಿ ಎತ್ತಿ, ಓದಿ, ಅರ್ಥ ಹೇಳಿದರೆ ಬಳ್ಳಿ ಒಂದು ಬೆರಳಗಲ ಮೇಲೇರುತ್ತಿತ್ತು, ಚೀಟಿ ಎರಡನೇ ಡಬ್ಬಿಗೆ ಹೋಗುತ್ತಿತ್ತು. ಎಂಟು ದಿನ ಬಿಟ್ಟು ಅದೇ ಚೀಟಿ ಮತ್ತೆ ಕೇಳಿ, ಇನ್ನೂ ನೆನಪಿದ್ದರೆ ಅಲ್ಲಿ ಒಂದು ಗಿಣ್ಣು, ಎಂದರೆ ಎಲೆ ಒಡೆಯುವ ಗಂಟು, ಬರೆಯುತ್ತಿದ್ದರು. ಇನ್ನೂ ಎಂಟು ದಿನಕ್ಕೆ ಮೂರನೇ ಡಬ್ಬಿಯಿಂದ ತೆಗೆದು, ಆ ಮಾತಿಟ್ಟು ಸ್ವಂತದ್ದೊಂದು ವಾಕ್ಯ ಹೇಳಿದರೆ ಆ ಗಿಣ್ಣಿಗೆ ಎಲೆ. ನಡುವೆ ಮರೆತರೆ ಚೀಟಿ ಮತ್ತೆ ಮೊದಲ ಡಬ್ಬಿಗೆ. ಒಂದು ಎಲೆಗೆ ಅರ್ಧ ತಿಂಗಳು. ನಮಗೆ ತಾಳ್ಮೆ ಇರಲಿಲ್ಲ, ಅಕ್ಕೋರಿಗೆ ಇತ್ತು.

ಜುಬೇದಾ ನಾಲ್ಕನೇ ಇಯತ್ತೆಯವರೆಗೆ ಉರ್ದು ಸಾಲೆಯಲ್ಲಿ ಕಲಿತು ನಮ್ಮಲ್ಲಿಗೆ ಬಂದವಳು. ಸಂತೆಯ ಕನ್ನಡ ಸರಾಗ, ಓದುವ ಕನ್ನಡ ಹೊಸದು. ಅವಳ ತಂದೆ ಇಮಾಮಸಾಬರಿಗೆ ಊರ ಹೊರಗೆ ಎಲೆದೋಟ. ದಸರೆಯ ಹೊತ್ತಿಗೆ ಅವರು ಬಾಗಿಲಲ್ಲಿ ನಿಂತು ಹೇಳಿದರು, "ಅಕ್ಕೋರ, ಹುಡುಗಿಗೆ ಎಲಿ ಎಣಿಸಿ ಕಟ್ಟಾಕ ಬರ್ತೈತಿ. ಇನ್ನ ಸಾಕ್ರಿ ಸಾಲಿ."

ಅಕ್ಕೋರು ಗೋಡೆ ತೋರಿಸಿದರು. "ಇಕಿ ಬಳ್ಳಿ ಆ ಕಿಟಕಿ ಮುಟ್ಟಲಿ. ನೀವ ಬಂದು ನೋಡ್ರಿ. ಮುಟ್ಟಿದ್ರ ಏಳನೇದು ಮುಗಿಯೂ ತನಕ ಬಿಡಿಸಬಾರದು."

ಇಮಾಮಸಾಬರು ಬಳ್ಳಿಯನ್ನೂ ಕಿಟಕಿಯನ್ನೂ ನೋಡಿ ನಕ್ಕರು. "ಬಳ್ಳಿ ಅಂದ್ರ ನಮ್ಮ ದಂಧೇನ ಅಲ್ರಿ. ಆತು. ಯುಗಾದಿಕಿಂತ ಮೊದ್ಲಿನ ಶನಿವಾರ ಬರ್ತೇನಿ."

ಜುಬೇದಾಳ ಬಳ್ಳಿ ನಿಧಾನ, ಆದರೆ ಏರುತ್ತಿತ್ತು. ಪ್ರತಿ ಚೀಟಿಗೂ ಮುಂಚೆ ಅವಳು ಓಢಣಿಯ ತುದಿ ಹಿಡಿದು, ಗದ್ದ ಮೇಲೆತ್ತಿ, ಗುಟುಕ್ಕೆಂದು ಉಗುಳು ನುಂಗುತ್ತಿದ್ದಳು. ಆಮೇಲೇ ಮಾತು. ನನ್ನಂಥವನ ಕಣ್ಣಿಗೆ ಇದು ಬೀಳಬಾರದಿತ್ತು. ಸಂಕ್ರಾಂತಿ ಆದ ಮೇಲೊಂದು ದಿನ ಅಕ್ಕೋರು ಹೊರಗೆ ಹೋದಾಗ ಕೈವಸ್ತ್ರವನ್ನು ತಲೆಗೆ ಹಾಕಿಕೊಂಡು, ಗದ್ದ ಎತ್ತಿ, ನುಂಗಿದೆ. ಮಾತೇ ಆಡಲಿಲ್ಲ, ಬರೀ ನುಂಗಿದೆ. ಇಡೀ ವರ್ಗ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಜುಬೇದಾ ಪಾಟಿಯಲ್ಲಿ ಏನೋ ಅಳಿಸುತ್ತ ಕೂತಳು, ಪಾಟಿ ಖಾಲಿ ಇತ್ತು.

ಮರುದಿನದಿಂದ ಚೀಟಿ ಎತ್ತು ಎಂದರೆ "ಬರೂದಿಲ್ರಿ" ಎನ್ನತೊಡಗಿದಳು. ಯಾಕೆ ಎಂದು ಅಕ್ಕೋರಿಗೆ ತಿಳಿಯಲಿಲ್ಲ. ನಮಗೆಲ್ಲ ತಿಳಿದಿತ್ತು.

ಅಷ್ಟರಲ್ಲಿ ಅಕ್ಕೋರ ತಂಗಿಯ ಬಾಣಂತನ ಬಂತು. ಮೂರು ವಾರ ರಟ್ಟೀಹಳ್ಳಿಗೆ ಹೊರಟರು. ಹೊರಡುವ ಮುನ್ನ ನನ್ನನ್ನು ಕರೆದರು. "ಮಧ್ಯಾಹ್ನದ ಸೂಟಿಯೊಳಗ ಜುಬೇದಾಗ ನೀ ಡಬ್ಬಿ ಆಡಿಸು. ನನ್ನ ಮುಂದ ಅಕಿ ಬಾಯಿ ಬಿಡವಲ್ಲಳು, ಓರಗಿಯವರ ಮುಂದ ಬಿಟ್ಟಾಳು. ನಿನಗ ಮಾತು ಭಾಳ ಅದಾವ, ಅಕಿಗೆ ದಿನಾ ಒಂದು ಕೊಡು. ಬಳ್ಳೀನೂ ನೀನ ಬರಿ." ಬಣ್ಣದ ಬಟ್ಟಲನ್ನೂ, ಜಗಿದು ಕುಂಚ ಮಾಡಿದ ಬೇವಿನ ಕಡ್ಡಿಯನ್ನೂ ನನ್ನ ಕೈಗಿಟ್ಟರು.

ಮಧ್ಯಾಹ್ನದ ಸೂಟಿ ಎಂದರೆ ಚಿಣ್ಣಿ-ದಾಂಡಿನ ಹೊತ್ತು. ಹೊರಗೆ ದಾಂಡಿಗೆ ಚಿಣ್ಣಿ ತಾಗುವ ಸದ್ದು, ಪೇಟೆಯ ಕಡೆಯಿಂದ ಖಾರಾ ಕರಿಯುವ ವಾಸನೆ, ಒಳಗೆ ನಾನು, ಜುಬೇದಾ, ಮೂರು ಡಬ್ಬಿ. ಮೊದಲ ದಿನ ‘ತಿಗರಿ’ ಕೊಟ್ಟೆ. ಅವಳು ನುಂಗಿದಳು, ಕಾದಳು, ನಾನು ನಗುತ್ತೇನೇನೋ ಎಂದು ನೋಡಿದಳು. ಹೊರಗೆ ಒಂದು ಆಟವೇ ಮುಗಿಯಿತು. ಎರಡನೇ ದಿನ ನಾನು ಉಪಾಯ ಮಾಡಿದೆ. ಡಬ್ಬಿಯೊಳಗೆ ಕೈಯಾಡಿಸಿ ಅವಳಿಗೆ ಬರುವ ಮಾತುಗಳನ್ನೇ ಹೆಕ್ಕಿದೆ: ಎಲೆ, ಬಳ್ಳಿ, ಬಾವಿ, ನೀರು, ಬುಟ್ಟಿ. ಪಟಪಟನೆ ಓದಿದಳು. ನಾನು ಪಟಪಟನೆ ಬಳ್ಳಿ ಎಳೆದು, ಎಲೆ ಬರೆದು, ಹೊರಗೋಡಿದೆ. ಮರುದಿನವೂ ಅವೇ ಐದು.

ನಾಲ್ಕನೇ ದಿನ ಜುಬೇದಾ ಚೀಟಿ ಕೆಳಗಿಟ್ಟಳು. "ಇವು ಬರ್ತಾವಲ್ಲ. ಬ್ಯಾರೆ ಕೊಡು."

"ಬರೂದು ಓದಿದ್ರ ಬಳ್ಳಿ ಬೆಳೀತದ. ಬರದ್ದು ಓದಿದ್ರ ನಿಲ್ಲತದ. ನಿನಗ ಬಳ್ಳಿ ಬೇಕೋ ಬ್ಯಾಡೋ?"

ಅವಳು ಕಿಟಕಿಯ ಕಡೆ ನೋಡಿದಳು. "ಬೇಕು," ಎಂದಳು.

ಎರಡನೇ ವಾರದಲ್ಲಿ ಅವಳು ಮನೆಯಿಂದ ಒಂದು ವೀಳ್ಯದೆಲೆ ತಂದಳು. ತೊಯ್ದ ಗೋಣಿಯ ವಾಸನೆಯ ಹಸಿ ಎಲೆ. ಅದರ ಮೇಲೆ ಜಾಲಿ ಮುಳ್ಳಿನಿಂದ ಏನೋ ಗೀಚಿದ್ದಳು. "ನಮ್ಮ ಮನಿ ಮಾತು. ಮೂರು ಅದಾವ. ಚೀಟಿ ಮಾಡಿ ಡಬ್ಯಾಗ ಹಾಕು."

ನನ್ನ ಕೈಗೆ ಎಲೆ ಸಿಕ್ಕಿತು, ಮೈಯಲ್ಲಿ ಹೆಡ್ ಮಾಸ್ತರರು ಬಂದರು. ಎಲೆಯನ್ನು ತೊಡೆಗೆ ಎರಡು ಸಲ ಒರೆಸಿದೆ, ತೊಟ್ಟು ಮುರಿದೆ, ನಾರು ಎಳೆದೆ, ಮಡಚಿ ದವಡೆಗಿಟ್ಟು, ಗಂಟಲು ಕೆರೆದು ಕೆಮ್ಮಿದೆ. ಜುಬೇದಾ ನಕ್ಕಳು. ಎಷ್ಟೋ ದಿನದ ಮೇಲೆ ನಕ್ಕಳು, ಓಢಣಿ ಬಾಯಿಗೊತ್ತಿಕೊಂಡು. ಹಳೆಯ ತಪ್ಪು ಮಾಫಾಯಿತು ಎಂದುಕೊಂಡೆ. ನಾಲಿಗೆ ಚುರ್ರೆನ್ನುತ್ತಿತ್ತು.

ನಗು ನಿಂತ ಮೇಲೆ ಅವಳೆಂದಳು, "ನೀ ಓದಲೇ ಇಲ್ಲ."

"ಹೊಟ್ಟ್ಯಾಗ ಅದಾವ ಬಿಡು," ಎಂದು ನಾನು ದಾಂಡು ಎತ್ತಿಕೊಂಡೆ.

ಮೂರನೇ ವಾರ ಮುಗಿಯುವ ಹೊತ್ತಿಗೆ ಅವಳ ಬಳ್ಳಿ ಕಿಟಕಿಯನ್ನು ಮುಟ್ಟಿ, ಚೌಕಟ್ಟಿಗೆ ಒಂದು ಸುತ್ತು ಹಾಕಿತ್ತು. ಆ ಸುತ್ತು ನನ್ನ ಸ್ವಂತ ಕಲ್ಪನೆ. ಶುಕ್ರವಾರ ಸಂಜೆ ಊರಿಂದ ಬಂದ ಅಕ್ಕೋರು ಬಾಗಿಲಿನಿಂದಲೇ ಅದನ್ನು ನೋಡಿ ನನ್ನ ಬೆನ್ನು ತಟ್ಟಿದರು. ಅವರ ಕಣ್ಣಲ್ಲಿ ನೀರಿತ್ತು. ಹೇಳಬೇಕಾದ ಹೊತ್ತು ಅದು. ಬೆನ್ನು ಹಿತವಾಗಿತ್ತು.

ಶನಿವಾರ ಬೆಳಿಗ್ಗೆ ಇಮಾಮಸಾಬರು ಒಗೆದ ಕೋಟು ಹಾಕಿಕೊಂಡು, ಅಕ್ಕೋರಿಗೆಂದು ಒಂದು ಕಟ್ಟು ಎಲೆ ಹಿಡಿದು ಬಂದರು. ಕಿಟಕಿ ನೋಡಿ ಅವರ ಮುಖ ಅರಳಿತು.

"ಮುಟ್ಟೇತಿ ನೋಡ್ರಿ," ಎಂದರು ಅಕ್ಕೋರು.

"ಹೌದ್ರಿ, ಮುಟ್ಟೇತಿ." ಕೋಟಿನ ಒಳಜೇಬಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದರು. "ಇದು ನಮ್ಮ ಬಾವಿದು, ಕಚೇರಿ ಕಾಗದ. ಹೆಬ್ಬಟ್ಟ ಒತ್ತು ಅಂತಾರ. ಬ್ಯಾರೇದವರು ಓದಿ ಹೇಳಿದ್ದಕ್ಕ ಒತ್ತಾಕ ಮನಸಿಲ್ರಿ. ಮಗಳು ಓದ್ಲಿ, ಒತ್ತತೇನಿ ಅಂತ ದಸರಾದಿಂದ ಇಟಗೊಂಡು ಕುಂತೇನಿ. ಓದವ್ವ."

ಜುಬೇದಾ ಓದಿದಳು. ‘ಬಾವಿ’ ಬಂತು, ‘ನೀರು’ ಬಂತು. ಒಂದು ಕಡೆ ನಿಂತಳು. ಅಕ್ಷರ ಬಿಡಿಬಿಡಿಯಾಗಿ ಕೂಡಿಸಿದಳು. "ಸ... ಮ್ಮ... ತಿ."

"ಅಂದ್ರ ಏನವ್ವ?"

ಗದ್ದ ಮೇಲೆದ್ದಿತು, ಉಗುಳು ನುಂಗಿದಳು, ಮಾತು ಬರಲಿಲ್ಲ. ಮುಂದೆ ‘ಮುಚ್ಚಳಿಕೆ’. ಅದಕ್ಕೂ ಅಷ್ಟೇ. ಅದರ ಮುಂದೆ ‘ಗಡುವು’. ಮೂರೂ ನನ್ನ ಅಪ್ಪ ದಿನಾ ಮಜ್ಜಿಗೆ ಅನ್ನದ ಜೊತೆ ಆಡುವ ಮಾತು. ಒಂದು ಮಧ್ಯಾಹ್ನದ ಕೆಲಸ. ಮೂರನೆಯದಕ್ಕೆ ನಿಂತಾಗ ಜುಬೇದಾ ಕಾಗದದಿಂದ ತಲೆಯೆತ್ತಿ ನನ್ನ ಕಡೆ ನೋಡಿದಳು. ಮುಖ ನೋಡಲಿಲ್ಲ, ನನ್ನ ಬಾಯಿ ನೋಡಿದಳು. ಎಲೆಯ ಮೇಲೆ ಯಾವ ಮೂರು ಮಾತಿದ್ದವು ಎಂಬುದು ನನಗೆ ಆಗ ತಿಳಿಯಿತು.

ಇಮಾಮಸಾಬರು ಕಾಗದ ಮಡಚಿಕೊಂಡು ಗೋಡೆಯ ಹತ್ತಿರ ಹೋದರು. ಬೆರಳಿಟ್ಟು ಬಳ್ಳಿಯನ್ನು ಬುಡದಿಂದ ಮೇಲಕ್ಕೆ ಸವರಿದರು. ನಡುವೆ ಬೆರಳು ನಿಂತಿತು.

"ಅಕ್ಕೋರ, ಇಲ್ಲೀ ತನಕ ಗಿಣ್ಣು ಅದಾವ. ಇಲ್ಲಿಂದ ಮ್ಯಾಲ ಬರೇ ಎಲಿ. ಗಿಣ್ಣಿಲ್ದ ಎಲಿ ಹೆಂಗ ಒಡಿತೈತ್ರಿ?"

ಕನ್ನಡ ಓದಲು ಬಾರದ ಮನುಷ್ಯ ನನ್ನ ಮೂರು ವಾರದ ಸುಳ್ಳನ್ನು ಒಂದು ಬೆರಳಿನಲ್ಲಿ ಓದಿಬಿಟ್ಟಿದ್ದ. ಎಂಟು ದಿನದ ಕಾಯುವಿಕೆ ಇಲ್ಲದಲ್ಲಿ ನಾನು ಗಿಣ್ಣು ಬರೆದೇ ಇರಲಿಲ್ಲ. ಎಲೆ ಬರೆಯುವ ಅವಸರದಲ್ಲಿ ಅದು ಮರೆತೇ ಹೋಗಿತ್ತು. ಅಕ್ಕೋರು ಬಳ್ಳಿ ನೋಡಿದರು, ನನ್ನನ್ನು ನೋಡಿದರು.

"ನಂದ ತಪ್ಪರಿ," ಎಂದರು. "ನಾ ಊರಾಗ ಇರ್ಲಿಲ್ಲ."

‘ನಾನು’ ಎಂಬ ಒಂದು ಮಾತು ಸಾಕಾಗಿತ್ತು. ಊರ ಮಂದಿಯ ದನಿಯೆಲ್ಲ ತುಂಬಿಕೊಂಡಿದ್ದ ಗಂಟಲಿನಿಂದ ಅದೊಂದು ಹೊರಡಲಿಲ್ಲ.

ಇಮಾಮಸಾಬರು ಸಿಟ್ಟಾಗಲಿಲ್ಲ. "ಇರ್ಲಿ ಬಿಡ್ರಿ. ಮನ್ಯಾಗ ಅವರವ್ವಗೂ ಕೈ ಬೇಕಾಗೇತಿ," ಎಂದು ಎಲೆಯ ಕಟ್ಟನ್ನು ಮೇಜಿನ ಮೇಲಿಟ್ಟರು. ಅಕ್ಕೋರು ಬಾಗಿಲವರೆಗೂ ಏನೋ ಹೇಳುತ್ತ ಹೋದರು, ಅವರು ಕೈ ಮುಗಿಯುತ್ತ ಹೋದರು. ಪಾಟಿ ಚೀಲ ಹೆಗಲಿಗೇರಿಸಿಕೊಂಡ ಜುಬೇದಾ ನನ್ನ ಪಕ್ಕದಲ್ಲಿ ಹಾದಳು. ಬೈಯುತ್ತಾಳೆ ಎಂದು ಕಾದೆ.

"ಈಗರ ಚೀಟಿ ಮಾಡು," ಎಂದಳು.

ಮಾಡಿದೆ. ದುಂಡಗೆ ಬರೆದು ಮೊದಲ ಡಬ್ಬಿಗೆ ಹಾಕಿದೆ. ಯುಗಾದಿಯ ನಂತರ ಅವು ಒಬ್ಬೊಬ್ಬರ ಕೈಗೆ ಬಂದವು. ‘ಸಮ್ಮತಿ’ ಬಡಿಗೇರ ಹುಡುಗನ ಬಳ್ಳಿಯಲ್ಲಿ ಎಲೆಯಾಯಿತು. ‘ಗಡುವು’ ನನಗೇ ಬಂತು. ಸರಿಯಾಗಿ ಹೇಳಿದೆ, ನನ್ನ ಬಳ್ಳಿ ಒಂದು ಬೆರಳು ಏರಿತು. ಬರೆದವರು ಅಕ್ಕೋರು. ನನ್ನ ಕೈಗೆ ಅವರು ಬೇವಿನ ಕಡ್ಡಿಯನ್ನು ಮತ್ತೆ ಕೊಡಲಿಲ್ಲ, ಯಾಕೆ ಹೀಗೆ ಮಾಡಿದೆ ಎಂದು ಕೇಳಲೂ ಇಲ್ಲ. ಕಿವಿ ಹಿಂಡಿದ್ದರೆ ಚೆನ್ನಾಗಿತ್ತು.

ಬೇಸಿಗೆ ಸೂಟಿಗೆ ಸಾಲೆ ಬಿಡುವ ಮುನ್ನ ಒಂದು ದಿನ, ಯಾರೂ ಇಲ್ಲದಾಗ, ಜುಬೇದಾಳ ಬಳ್ಳಿಯ ಕೊನೆಯ ಗಿಣ್ಣಿನಿಂದ ಕಿಟಕಿಯವರೆಗೆ ಅಳೆದು ನೋಡಿದೆ. ಒಂದು ಗೇಣು. ಹನ್ನೆರಡು ಬೆರಳು. ದಿನಕ್ಕೊಂದು ಹೊಸ ಮಾತು ಕೊಟ್ಟಿದ್ದರೂ ಮೂರು ವಾರದಲ್ಲಿ ಬಳ್ಳಿ ತಾನಾಗಿ ಮುಟ್ಟುತ್ತಿತ್ತು. ಮರುವರ್ಷ ಅಪ್ಪನಿಗೆ ಹಾನಗಲ್ಲಿಗೆ ವರ್ಗವಾಯಿತು. ಗೋಡೆಗೆ ಸುಣ್ಣ ಹೊಡೆದರು ಎಂದು ಯಾರೋ ಹೇಳಿದರು. ಜುಬೇದಾ ಮತ್ತೆ ಸಾಲೆಗೆ ಬಂದಳೆಂದು ಯಾರೂ ಹೇಳಲಿಲ್ಲ.

ಈಗ ನಾನೂ ಹಾನಗಲ್ಲಿನ ಕಚೇರಿಯಲ್ಲಿ ಗುಮಾಸ್ತ. ಚಹಾದ ಹೊತ್ತಿಗೆ ಸಾಹೇಬರನ್ನು ಮಾಡಿ ತೋರಿಸುತ್ತೇನೆ, ಸಾಹೇಬರು ಇಲ್ಲದಾಗ. ಹಳ್ಳಿಗಳಿಂದ ಬಂದವರು ಮಡಚಿದ ಕಾಗದ ಬಿಚ್ಚಿ "ಓದಿ ಹೇಳ್ರಿ ಸಾಹೇಬ್ರ" ಎಂದು ಮುಂದೆ ಹಿಡಿಯುತ್ತಾರೆ. ಗಡಗಡನೆ ಓದುತ್ತೇನೆ. ಆದರೆ ಎಲ್ಲ ಕಾಗದದಲ್ಲೂ ಆ ಮೂರರಲ್ಲಿ ಒಂದಾದರೂ ಇದ್ದೇ ಇರುತ್ತದೆ. ಅಲ್ಲಿಗೆ ಬಂದಾಗ ನನ್ನ ಗದ್ದ ತಾನೇ ಮೇಲೇಳುತ್ತದೆ, ಗುಟುಕ್ಕೆಂದು ಉಗುಳು ನುಂಗುತ್ತೇನೆ, ಆಮೇಲೇ ಮಾತು ಬರುತ್ತದೆ. ನಾನು ಮಾಡಬೇಕೆಂದು ಮಾಡುವುದಲ್ಲ.

ಮೊನ್ನೆ ನಮ್ಮ ಕಚೇರಿಯ ಪಟ್ಟೆವಾಲಾ ಜವಾನ ಅದನ್ನು ನೋಡಿ ನಕ್ಕ. "ಇದೊಂದು ಹೊಸಾದು ತಗದೀರಿ ನೋಡ್ರಿ. ಯಾರ ನಕಲಿ ಇದು?"

ಹೇಳಲು ಬಾಯಿ ತೆರೆದೆ. ಮುಂದಿನವನ ಕಾಗದ ತೆಗೆದುಕೊಂಡೆ.